ಬಚ್ಚಲ ನೀರು, ತೋಟದ ನೀರು



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗು ಬೆಳೆಗಾರರೆದುರು ಮಲೆನಾಡಿನವನೊಬ್ಬ ನೀರಿನ ಮಿತವ್ಯಯ ಕುರಿತು ಮಾತನಾಡುವುದು ವಿಚಿತ್ರವೆನಿಸಬಹುದು. ಆದರೆ ಮೂಡಿಗೆರೆಯ ಬೆಟ್ಟಗಳಲ್ಲಿ ಹುಟ್ಟುವ ಹೇಮಾವತಿಯೇ ಗೊರೂರಿನಿಂದ ನಾಲೆಯಾಗಿ ನಿಮ್ಮ ಸೀಮೆಗೆ ಬರುತ್ತಿದೆ. ನಾಲೆ ಮುಟ್ಟದ ಊರುಗಳಿಗೆ ಕೊಳವೆಬಾವಿಯೇ ಗತಿ. ಅಲ್ಲಿ ಅಡುಗೆಮನೆಯ ನಲ್ಲಿಗೂ ತೋಟದ ಪಂಪಿಗೂ ಆಧಾರ ಒಂದೇ ಅಂತರ್ಜಲ.

ಆದುದರಿಂದ ಮನೆಬಳಕೆಯನ್ನಷ್ಟೇ ಬೇರ್ಪಡಿಸಿ ಮಾತನಾಡಿದರೆ ಅದು ಅರ್ಧಸತ್ಯವಾಗುತ್ತದೆ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಗ್ರಾಮೀಣರಿಗೆ ತಲಾ ದಿನಕ್ಕೆ 55 ಲೀಟರ್ ನೀರನ್ನು ನಿಗದಿಪಡಿಸಿದೆ. ಫಲ ಕೊಡುವ ತೆಂಗಿನಮರವೊಂದಕ್ಕೆ ಬೇಸಿಗೆಯಲ್ಲಿ, ಹನಿ ನೀರಾವರಿಯಲ್ಲಿಯೂ, ಹೆಚ್ಚುಕಡಿಮೆ ಅಷ್ಟೇ ಬೇಕು. ಐವರ ಸಂಸಾರಕ್ಕೆ 275 ಲೀಟರ್; ಅರವತ್ತು ಮರಗಳ ಒಂದು ಎಕರೆಗೆ, ಮರಕ್ಕೆ 50ರಂತೆ, 3,000 ಲೀಟರ್. ಹಾಯಿ ನೀರು ಬಿಡುವವರ ಲೆಕ್ಕವೇ ಬೇರೆ! ಕೊಡ ಹೊರುವ ಹೆಣ್ಣುಮಗಳಿಗೆ ಮಿತವ್ಯಯ ಬೋಧಿಸಿ, ರಾತ್ರಿಯಿಡೀ ಪಂಪು ಓಡಿಸುವ ಯಜಮಾನನನ್ನು ಕೇಳದೆ ಬಿಡುವುದು ನ್ಯಾಯವಲ್ಲ. ಬುಡದ ಸುತ್ತ ಆರಡಿ ಪಾತಿಗೆ ತೆಂಗಿನ ಸಿಪ್ಪೆ, ಸೋಗೆ ಹೊದಿಸಿದರೆ ತೇವ ಬೇಗ ಆರದು. ಆ ಸಿಪ್ಪೆಯನ್ನೇ ನಾವು ಮಾರಿ, ಇಲ್ಲವೆ ಸುಟ್ಟು, ಕಳೆದುಕೊಳ್ಳುತ್ತಿದ್ದೇವೆ.

ಹಾಗೆಂದು ಮನೆಯ ನೀರು ಅಲ್ಪವೆಂದಲ್ಲ. ಹಿಂದೆ ಬಚ್ಚಲ ಹಿಂದೆ ಒಂದು ತೆಂಗಿನಮರ ಇದ್ದೇ ಇರುತ್ತಿತ್ತು; ಬರಗಾಲದಲ್ಲಿಯೂ ಅದು ಗೊನೆ ಬಿಡುತ್ತಿತ್ತು. ಈಗ ಅದೇ ನೀರು ಬೀದಿಯ ಚರಂಡಿ ಸೇರಿ ಸೊಳ್ಳೆ ಸಾಕುತ್ತಿದೆ. ಸ್ನಾನ ಮತ್ತು ಪಾತ್ರೆಯ ನೀರು ದಿನಕ್ಕೆ 150 ಲೀಟರ್ ದೊರೆತರೂ ಮೂರು ಮರಗಳಿಗೆ ಸಾಕು. ಸೋಪಿನ ಪುಡಿ ಹೆಚ್ಚು ಬಳಸುವ ಮನೆಯವರು ಅದನ್ನು ಜಲ್ಲಿ, ಮರಳು ತುಂಬಿದ ಗುಂಡಿಯ ಮೂಲಕ ಹಾಯಿಸಿ, ಒಂದೇ ಮರಕ್ಕೆ ಬಿಡದೆ ಸರದಿಯಂತೆ ಬದಲಿಸುವುದು ಒಳ್ಳೆಯದು.

ಇನ್ನು ಕುಡಿಯುವ ನೀರು. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನೂರು ಚದರ ಮೀಟರ್ ಮಾಡು, ವರ್ಷಕ್ಕೆ 600 ಮಿ.ಮೀ. ಮಳೆಯೆಂದು ಹಿಡಿದು ಐದರಲ್ಲೊಂದು ಪಾಲು ನಷ್ಟವಾದರೂ 48,000 ಲೀಟರ್ ಉಳಿಯಿತು. ಕುಡಿಯಲು, ಅಡುಗೆಗೆ ತಲಾ 8 ಲೀಟರಿನಂತೆ ಐವರಿಗೆ ದಿನಕ್ಕೆ 40. ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಐದು ತಿಂಗಳಿಗೆ ಸುಮಾರು 6,000 ಲೀಟರಿನ ತೊಟ್ಟಿ ಸಾಕು. ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾಯ್ದಿಡುವ ನಿಮಗೆ ಐದು ತಿಂಗಳು ಹೆಚ್ಚಲ್ಲ. ಮೊದಲ ಮಳೆಯನ್ನು ಹೊರಬಿಟ್ಟು ಮಾಡು ತೊಳೆಯಲಿ, ತೊಟ್ಟಿಗೆ ಬೆಳಕು ತಾಗದಿರಲಿ, ಬಾಯಿಗೆ ಸೊಳ್ಳೆಪರದೆ ಇರಲಿ, ಕುದಿಸಿ ಕುಡಿಯಿರಿ.