ಗಸಗಸೆಯೂ ಹೆರಾಯಿನ್ನೂ

ಗಸಗಸೆಯ ಪಾಯಸವನ್ನುಂಡು ಮಧ್ಯಾಹ್ನ ಕಣ್ಣು ಎಳೆದುಕೊಂಡು ಹೋಗುವ ಸುಖವನ್ನರಿಯದ ಕನ್ನಡಿಗರು ವಿರಳ. ಆದರೆ ಆ ಗಸಗಸೆಯನ್ನು ಕೊಡುವ ಗಿಡವೇ ಅಫೀಮಿನ ಗಿಡವೆಂಬುದು ಎಲ್ಲರಿಗೂ ತಿಳಿದಿರಲಾರದು. ಹಸಿಗಾಯಿಯನ್ನು ಗೀರಿದಾಗ ಒಸರುವ ಹಾಲು ಹೆಪ್ಪುಗಟ್ಟಿದರೆ ಅಫೀಮು. ಅದೇ ಕಾಯಿ ಬಲಿತು ಒಣಗಿದ ಮೇಲೆ ಒಡೆದರೆ ಒಳಗಿನ ಬೀಜ ಗಸಗಸೆ. ನಮ್ಮ ಹಿಂದಿನ ಪಂಡಿತರು ಅಫೀಮಿಗೆ 'ಅಹಿಫೇನ', ಅಂದರೆ ಹಾವಿನ ನೊರೆ, ಎಂದು ಹೆಸರಿಟ್ಟರು. ವ್ಯುತ್ಪತ್ತಿ ಸರಿಯಲ್ಲ, ಗ್ರೀಕರ 'ಓಪಿಯಾನ್' ಅರಬರ ಬಾಯಲ್ಲಿ 'ಅಫ್ಯೂನ್' ಆಗಿ ಬಂದಾಗ ಅದಕ್ಕೆ ಸಂಸ್ಕೃತದ ಉಡುಪು ತೊಡಿಸಿದರು, ಅಷ್ಟೆ. ಆದರೂ ಹೆಸರು ಒಪ್ಪುತ್ತದೆ.

ಅಫೀಮಿನ ಸಾರ ಮಾರ್ಫಿನ್. ಅದರಿಂದ 1874ರಲ್ಲಿ ಲಂಡನ್ನಿನಲ್ಲಿ ರೈಟ್ ಎಂಬ ರಸಾಯನಶಾಸ್ತ್ರಜ್ಞನು ಇನ್ನೊಂದು ವಸ್ತುವನ್ನು ಮಾಡಿದನು. 1898ರಲ್ಲಿ ಜರ್ಮನಿಯ ಬಾಯರ್ ಕಂಪನಿ ಅದನ್ನೇ ಹೆರಾಯಿನ್ ಎಂಬ ಹೆಸರಿನಿಂದ ಪೇಟೆಗೆ ತಂದಿತು. ಯಾವುದಕ್ಕೆ ಗೊತ್ತೆ? ಕೆಮ್ಮಿಗೆ! ಕೆಮ್ಮು ನಿಲ್ಲಿಸಹೋಗಿ ಹಿಡಿಸಿದ ಚಟವನ್ನು ಜಗತ್ತು ಇಂದಿಗೂ ಬಿಡಿಸಿಕೊಂಡಿಲ್ಲ.

ಇದನ್ನೆಲ್ಲ ನಾನು ಕಲಿತದ್ದು ಇತ್ತೀಚೆಗೆ. ನಾನು ಸವಣೂರಿನಲ್ಲಿ ಕನ್ನಡ ಕಲಿಸುವ ಮಾಸ್ತರ. ರಸಾಯನಶಾಸ್ತ್ರಕ್ಕೂ ನನಗೂ ಬಹುದೂರ. ಒಂದು ಸಂಜೆ ಎಲೆಬಳ್ಳಿಯ ತೋಟದವರೊಬ್ಬರು ಮನೆಗೆ ಬಂದರು. ಅವರ ಮಗ ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ, ಈಗ ಹೊರಗಿನ ಕಾಲೇಜಿನಲ್ಲಿದ್ದಾನೆ. ಸೊರಗಿದ್ದಾನೆ, ಹಗಲು ನಿದ್ರಿಸುತ್ತಾನೆ, ಮೇಲಿಂದ ಮೇಲೆ ಹಣ ಕೇಳುತ್ತಾನೆ. ತಂದೆ ಔಷಧದ ಅಂಗಡಿಯಿಂದ ಪರೀಕ್ಷೆಯ ಪಟ್ಟಿಯೊಂದನ್ನು ತಂದು ಮಗನ ಮೂತ್ರವನ್ನು ಪರೀಕ್ಷಿಸಿದ್ದರು.

"ನೋಡ್ರಿ ಸರ, ಗೆರಿ ಮೂಡಿಲ್ಲ. ಮಗ ಕೈಬಿಟ್ಟು ಹೋದ."

ವಿಜ್ಞಾನ ಕಲಿಸುವ ನನ್ನ ಸಹೋದ್ಯೋಗಿಯನ್ನು ಕರೆಸಿದೆ. ಅವರು ಪಟ್ಟಿಯನ್ನು ನೋಡಿ ಕೇಳಿದ್ದು ಒಂದೇ ಮಾತು: "ನಿನ್ನೆ ಊಟಕ್ಕ ಏನಿತ್ತರೀ?"

"ಮಗಳ ಕುಬಸ ಇತ್ತರಿ. ಗಸಗಸಿ ಪಾಯಸ ಮಾಡಿಸಿದ್ವಿ."

ಈ ಪಟ್ಟಿಯ ರೀತಿ ವಿಚಿತ್ರ. ಗೆರೆ ಮೂಡಿದರೆ ಮಾದಕವಸ್ತು ಸಿಕ್ಕಿಲ್ಲವೆಂದೂ, ಮೂಡದಿದ್ದರೆ ಸಿಕ್ಕಿದೆಯೆಂದೂ ಅರ್ಥ. ಪಟ್ಟಿಯಲ್ಲಿರುವ ಪ್ರತಿಕಾಯಗಳು ಮೂತ್ರದಲ್ಲಿ ಮಾರ್ಫಿನ್ ಇದ್ದರೆ ಅದಕ್ಕೇ ಅಂಟಿಕೊಂಡುಬಿಡುತ್ತವೆ. ಗೆರೆ ಮೂಡಿಸುವ ಜಾಗಕ್ಕೆ ಹಿಡಿದುಕೊಳ್ಳಲು ಅವಕ್ಕೆ ಕೈ ಬಿಡುವಿರುವುದಿಲ್ಲ. ಆದರೆ ಆ ಮಾರ್ಫಿನ್ ಎಲ್ಲಿಂದ ಬಂತೆಂಬುದು ಪಟ್ಟಿಗೆ ತಿಳಿಯದು. ಗಸಗಸೆಯ ಸಿಪ್ಪೆಗೆ ಹತ್ತಿಕೊಂಡ ಹಾಲಿನ ಅಂಶವೂ ಮಾರ್ಫಿನ್ನೇ. ಕೋಡೀನ್ ಇರುವ ಕೆಮ್ಮಿನ ಔಷಧಿಯೂ ಪಟ್ಟಿಯನ್ನು ಹಾಗೆಯೇ ಕೆಣಕುತ್ತದೆ. ಅಮೆರಿಕದಲ್ಲಿ ಸರಕಾರಿ ನೌಕರರ ಪರೀಕ್ಷೆಗೆ ಮೊದಲು ಮಿಲಿಲೀಟರಿಗೆ 300 ನ್ಯಾನೋಗ್ರಾಂ ಎಂಬ ಮಿತಿಯಿತ್ತು. ಗಸಗಸೆ ತಿಂದವರೂ ಸಿಕ್ಕಿಬೀಳುತ್ತಿದ್ದುದರಿಂದ 1998ರಲ್ಲಿ ಅದನ್ನು 2000ಕ್ಕೆ ಏರಿಸಿದರು. ಪೇಟೆಯ ಪಟ್ಟಿಗಳಲ್ಲಿ ಎಷ್ಟೋ ಇನ್ನೂ 300ರವು. (ಗಲ್ಫಿಗೆ ಹೋಗುವವರು ಇದನ್ನು ಕೇಳಿಟ್ಟುಕೊಳ್ಳಬೇಕು: ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಗಸಗಸೆ ನಿಷಿದ್ಧ. ತಾಯಿ ಕಟ್ಟಿಕೊಟ್ಟ ಪೊಟ್ಟಣವೇ ಮಗನನ್ನು ತೊಡಕಿಗೆ ಸಿಕ್ಕಿಸೀತು.)

ಹಾಗಾದರೆ ಗೆರೆ ಮೂಡಿದರೆ ನಿಶ್ಚಿಂತರಾಗಿರಬಹುದೆ? ಅದೂ ಇಲ್ಲ. ಟ್ರಮಡಾಲ್, ಫೆಂಟನಿಲ್ ಮುಂತಾದ ಕೃತಕ ವಸ್ತುಗಳನ್ನು ಮಾರ್ಫಿನ್ನಿನ ಪಟ್ಟಿ ಗುರುತಿಸುವುದಿಲ್ಲ. ಪಟ್ಟಿ ಸಂದೇಹವನ್ನು ಹುಟ್ಟಿಸಬಲ್ಲದು, ತೀರ್ಪು ಕೊಡಲಾರದು.

ನಿರ್ಣಯಿಸುವುದು ಎರಡನೆಯ ಪರೀಕ್ಷೆ. ಅದನ್ನು ನನ್ನ ವ್ಯಾಕರಣದ ಭಾಷೆಯಲ್ಲೇ ಹೇಳುತ್ತೇನೆ, ರಸಾಯನಶಾಸ್ತ್ರದವರು ಕ್ಷಮಿಸಬೇಕು. ಹೆರಾಯಿನ್ ಎಂದರೆ ಮಾರ್ಫಿನ್ ಎಂಬ ಪ್ರಕೃತಿಗೆ ಅಸಿಟೈಲ್ ಎಂಬ ಪ್ರತ್ಯಯವನ್ನು ಎರಡು ಸಲ ಹಚ್ಚಿದ ಪದ. ದೇಹವನ್ನು ಹೊಕ್ಕ ಕೆಲವೇ ನಿಮಿಷಗಳಲ್ಲಿ ಒಂದು ಪ್ರತ್ಯಯ ಕಳಚುತ್ತದೆ, ಉಳಿದದ್ದು 6-ಮಾನೋಅಸಿಟೈಲ್‌ಮಾರ್ಫಿನ್. ಆಮೇಲೆ ಎರಡನೆಯದೂ ಕಳಚಿ ಬರಿಯ ಮಾರ್ಫಿನ್ ಆಗುತ್ತದೆ. ಗಸಗಸೆ ಎಷ್ಟೇ ತಿಂದರೂ ಆ ನಡುವಿನ ರೂಪ ಹುಟ್ಟುವುದಿಲ್ಲ. ಅದು ಕಂಡರೆ ಹೆರಾಯಿನ್ನೇ ಹೊರತು ಪಾಯಸವಲ್ಲ. ಆದರೆ ಅದು ಮೂತ್ರದಲ್ಲಿ ಉಳಿಯುವುದು ಕೆಲವು ತಾಸು ಮಾತ್ರ. ಮಾರ್ಫಿನ್ ಎರಡು ಮೂರು ದಿನ ಇದ್ದೀತು. ಆದ್ದರಿಂದ ಅದು ಕಾಣದಿದ್ದ ಮಾತ್ರಕ್ಕೆ ನಿರ್ದೋಷಿಯೆನ್ನಲೂ ಬಾರದು. ಕೂದಲಿನ ಪರೀಕ್ಷೆ ಇನ್ನೂ ಹಿಂದಕ್ಕೆ ಹೋಗುತ್ತದೆ: ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ ಬುಡದ 3 ಸೆಂಟಿಮೀಟರಿನಲ್ಲಿ ಮೂರು ತಿಂಗಳ ಕತೆಯಿರುತ್ತದೆ.

ಈ ರೂಪಗಳನ್ನು ಬೇರ್ಪಡಿಸುವ ಯಂತ್ರವು ಮಾದರಿಯನ್ನು ಆವಿ ಮಾಡಿ, ಕೂದಲಿನಷ್ಟು ಸಣ್ಣ ತೂತಿನ, ಹತ್ತಾರು ಮೀಟರ್ ಉದ್ದದ ನಾಳದೊಳಗೆ ಓಡಿಸುತ್ತದೆ. ಒಂದೊಂದು ವಸ್ತುವೂ ತನ್ನ ತನ್ನ ಹೊತ್ತಿಗೆ ಹೊರಬೀಳುತ್ತದೆ. ಬಿದ್ದುದನ್ನು ಒಡೆದು ಚೂರುಗಳ ತೂಕ ನೋಡಿ ಗುರುತು ಹಿಡಿಯುತ್ತಾರೆ. ಪೊಲೀಸರು ಹಿಡಿದ ಪುಡಿಗೂ ಇದೇ ಕ್ರಮ. ಮೊದಲು ಮಾರ್ಕಿಸ್ ದ್ರವದ ಒಂದು ಹನಿ. ಫಾರ್ಮಾಲ್ಡಿಹೈಡ್ ಬೆರೆತ ಗಂಧಕಾಮ್ಲ ಅದು. ನೇರಳೆ ಬಣ್ಣ ತಿರುಗಿದರೆ ಅಫೀಮಿನ ವರ್ಗದ್ದೆಂಬ ಸಂಶಯ. ನಿಶ್ಚಯಿಸುವುದು ಬೆಂಗಳೂರಿನ ಮಡಿವಾಳದಲ್ಲಿರುವಂಥ ವಿಧಿವಿಜ್ಞಾನ ಪ್ರಯೋಗಾಲಯ. 1985ರ ಕಾಯಿದೆಯಂತೆ ಹೆರಾಯಿನ್ 5 ಗ್ರಾಂವರೆಗೆ ಅಲ್ಪ ಪ್ರಮಾಣ, 250 ಗ್ರಾಂ ಮೀರಿದರೆ ವಾಣಿಜ್ಯ ಪ್ರಮಾಣ. ಶಿಕ್ಷೆಯ ಅಂತರ ಬಹಳ. ಅದೇ ಕಾಯಿದೆಯ 64ಎ ಕಲಮು, ಸೇವನೆಯ ಇಲ್ಲವೆ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದು ಅದನ್ನು ಪೂರೈಸಿದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ನಮ್ಮ ಭಾಗದವರಿಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ಹತ್ತಿರ. ಈ ಮಾತು ಎಷ್ಟು ತಂದೆತಾಯಿಗಳಿಗೆ ಗೊತ್ತಿದೆ?

ನಮ್ಮ ಹುಡುಗನ ವಿಷಯಕ್ಕೆ ಬರುತ್ತೇನೆ. ವೈದ್ಯರು ಒಂದು ವಾರ ಗಸಗಸೆ ಮುಟ್ಟಬಾರದೆಂದರು. ನಡುವೆ ದಿನ ಹೇಳದೆ ಕರೆಸಿ, ಎದುರಿಗೇ ಮೂತ್ರ ತೆಗೆದುಕೊಂಡು, ಎರಡು ಸಲ ಪ್ರಯೋಗಾಲಯಕ್ಕೆ ಕಳಿಸಿದರು. ಎರಡರಲ್ಲೂ ಏನೂ ಇರಲಿಲ್ಲ. ಆತ ಸೊರಗಿದ ಕಾರಣವೂ ಹೊರಬಿತ್ತು: ಎರಡು ವಿಷಯಗಳಲ್ಲಿ ನಪಾಸಾದದ್ದನ್ನು ಮುಚ್ಚಿಟ್ಟು, ಊಟದ ಹಣ ಉಳಿಸಿ ಮರುಪರೀಕ್ಷೆಯ ಶುಲ್ಕ ಕಟ್ಟಿದ್ದ, ರಾತ್ರಿಯೆಲ್ಲ ಓದುತ್ತಿದ್ದ.

ವರದಿ ಬಂದ ದಿನ ತಂದೆ ಒಂದು ಕಟ್ಟು ಎಲೆ ಹಿಡಿದುಕೊಂಡು ಬಂದರು. ಕಾಗದವನ್ನು ಮಡಚಿ ಕಿಸೆಗೆ ಹಾಕಿಕೊಂಡು, "ಅವತ್ತ ಹೊಡದಬಿಟ್ಟಿದ್ನಿ, ಸರ. ಓಣಿ ಮಂದಿ ಎಲ್ಲಾ ನೋಡಿದ್ರು" ಎಂದರು. ಹುಡುಗ ಹೊರಗೆ ಗಾಡಿಯ ಹತ್ತಿರ ನಿಂತಿದ್ದ. ಕರೆದೆ, ಒಳಗೆ ಬರಲಿಲ್ಲ.