ರೇಷ್ಮೆಯ ಪತಂಗ, ಹುತ್ತದ ಗೆದ್ದಲು



ಅಕ್ಕಮಹಾದೇವಿಯವರು ತಮ್ಮ ಒಂದು ವಚನದಲ್ಲಿ ತೆರಣಿಯ ಹುಳುವಿನ, ಅಂದರೆ ರೇಷ್ಮೆಹುಳುವಿನ ದೃಷ್ಟಾಂತ ಕೊಟ್ಟಿರುವುದು ನಿಮಗೆಲ್ಲ ತಿಳಿದಿದೆ. ತನ್ನ ನೂಲಿನಲ್ಲಿ ತಾನೇ ಸಿಕ್ಕು ಸಾಯುವ ಹುಳು ಅದು. ಇದನ್ನು ಕೇಳಿ, ಮನೆಯೆಂದರೆ ಬಂಧನ, ಬಿಟ್ಟು ನಡೆದರೆ ಮುಕ್ತಿ ಎಂದು ತಿಳಿಯುವವರುಂಟು. ಮೊನ್ನೆ ಒಬ್ಬ ತರುಣ ಹಾಗೆಯೇ ತಿಳಿದು ಮಠಕ್ಕೆ ಬಂದಿದ್ದ. ಮನೆಯಲ್ಲಿ ವಯಸ್ಸಾದ ತಾಯಿ, ತಟ್ಟೆಯಲ್ಲಿ ಮೂರನೇ ಜ್ವರ ಎದ್ದ ಹುಳು. ಸೊಪ್ಪು ಹಾಕುವವರು ಯಾರಪ್ಪ ಎಂದು ಕೇಳಿದೆವು. "ಎಲ್ಲ ಬಿಟ್ಟು ಬಂದೆ ಬುದ್ಧಿ, ದೀಕ್ಷೆ ಕೊಡಿ" ಎಂದ.

ಅವನಿಗೆ ಅವನ ಹುಳುವಿನ ಮಾತನ್ನೇ ಹೇಳಿದೆವು. ರೇಷ್ಮೆಯ ಪತಂಗಕ್ಕೆ ತಿನ್ನಲು ಬರುವ ಬಾಯಿಯೇ ಇಲ್ಲ. ಗೂಡಿನಿಂದ ಹೊರಬಂದ ಮೇಲೆ ಒಂದು ಎಲೆ ಮುಟ್ಟದೆ ಕೆಲವೇ ದಿನ ಬದುಕಿ, ನಾನೂರು ಐನೂರು ಮೊಟ್ಟೆಯಿಟ್ಟು ಹೋಗುತ್ತದೆ. ಇಂಥ ವೈರಾಗ್ಯ ವಿರಕ್ತರಾದ ನಮಗೂ ಕಷ್ಟ! ಆದರೆ ಅದು ಬಂದದ್ದು ಯಾವಾಗ? ಸುಮಾರು 25 ದಿನ ಹಿಪ್ಪುನೇರಳೆ ಸೊಪ್ಪು ತಿಂದು, ನಾಲ್ಕು ಜ್ವರ ದಾಟಿ, ಚಂದ್ರಂಕಿಗೆ ಏರಿ ನೂಲು ಬಿಟ್ಟ ಮೇಲೆ. ಮೂರನೇ ಜ್ವರ ಎದ್ದ ಹುಳುವಿಗೆ ಸೊಪ್ಪು ನಿಲ್ಲಿಸಿದರೆ ಗೂಡೂ ಇಲ್ಲ, ರೆಕ್ಕೆಯೂ ಇಲ್ಲ. ಹಸಿದು ಸತ್ತದ್ದಕ್ಕೆ ಯಾರೂ ವೈರಾಗ್ಯವೆಂದು ಹೆಸರಿಡರು. ಗೂಡು ಮಾರಿದ ಮೇಲೆ ತಾಯಿಯನ್ನೂ ಕರೆದುಕೊಂಡು ಬಾ, ಆಗ ಮಾತಾಡೋಣ ಎಂದು ಕಳಿಸಿದೆವು.

ಮನೆ ಕಟ್ಟುವುದೇ ತಪ್ಪೆನ್ನುವವರು ಗೆದ್ದಲನ್ನು ನೋಡಬೇಕು. ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತುವ ಮಳೆಹುಳುಗಳು ಪತಂಗವಲ್ಲ, ರೆಕ್ಕೆ ಬಂದ ಗೆದ್ದಲು. ಪತಂಗ ರೆಕ್ಕೆ ಬಂದ ಮೇಲೆ ಬಾಳು ಮುಗಿಸುತ್ತದೆ. ಗೆದ್ದಲು ರೆಕ್ಕೆ ಕಳಚಿಟ್ಟು ಸಂಸಾರಕ್ಕೆ ತೊಡಗುತ್ತದೆ. ಗಂಡು ಹೆಣ್ಣು ಜೋಡಿಯಾಗಿ ಮಣ್ಣಿಗಿಳಿದು, ಬಾಳಿನುದ್ದಕ್ಕೂ ಕೂಡಿಯೇ ಇರುತ್ತವೆ. ದುಡಿಯುವ ಗೆದ್ದಲಿಗೆ ಕಣ್ಣಿಲ್ಲ, ತನ್ನದೆಂಬ ಸಂತಾನವಿಲ್ಲ. ಬಾಯಲ್ಲಿ ಮಣ್ಣು ಹೊತ್ತು ಆಳೆತ್ತರದ ಹುತ್ತ ಎಬ್ಬಿಸುತ್ತದೆ, ಒಳಗೆ ಅಣಬೆಯ ತೋಟ ಮಾಡುತ್ತದೆ, ಉಂಡದ್ದನ್ನು ಬಾಯಿಂದ ಬಾಯಿಗೆ ಹಂಚುತ್ತದೆ. ಮರಿಗಳೂ ರಾಣಿಯೂ ಕಾವಲಿನವೂ ಬದುಕುವುದು ಅದರಿಂದಲೇ. ಇದಕ್ಕೆ ದಾಸೋಹವೆನ್ನದೆ ಏನೆನ್ನೋಣ? (ಓಲೆಗರಿಯ ಕಟ್ಟುಗಳನ್ನು ಕಾಯುವ ನಮ್ಮ ಶಾಸ್ತ್ರಿಗಳು ಈ ಹೊಗಳಿಕೆಗೆ ಮುನಿಸಿಕೊಂಡಾರು. ಅವರ ದುಃಖ ನಮಗೂ ಗೊತ್ತು.)

ಅಕ್ಕ ನೊಂದದ್ದು ಮನೆ ಕಟ್ಟಿದ್ದಕ್ಕಲ್ಲ, ನೂಲನ್ನು ತನ್ನ ಮೈಗೇ ಸುತ್ತಿಕೊಂಡದ್ದಕ್ಕೆ ಎಂದು ನಮ್ಮ ಭಾವನೆ. ಗೆದ್ದಲಿನ ಮಣ್ಣು ತನ್ನ ಮೈಗೆಂದು ಹೊತ್ತದ್ದಲ್ಲ. ಹೊಲದಲ್ಲಿ ಗುದ್ದಲಿ ತಗುಲಿ ಹುತ್ತ ಒಡೆದಾಗ ನೀವೇ ಕಂಡಿರುತ್ತೀರಿ: ಒಡೆದ ಕಡೆಗೆ ಕಾವಲಿನ ಗೆದ್ದಲು ಬಂದು ನಿಲ್ಲುತ್ತವೆ, ದುಡಿಯುವವು ಒಳಗಿನಿಂದ ಮಣ್ಣು ಮೆತ್ತುತ್ತ ಬರುತ್ತವೆ. ಬಿರುಕು ಮುಚ್ಚಿಹೋಗುವಾಗ ಕಾವಲಿನವುಗಳಲ್ಲಿ ಕೆಲವು ಹೊರಗೇ ಉಳಿದುಬಿಡುವುದೂ ಉಂಟು.