ನಡೆದು ಓದುವ ಚರಿತ್ರೆ
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಮೊದಲನೇ ಪಾಣಿಪತ್ ಕದನ ಯಾವಾಗ ನಡೆಯಿತು ಎಂದು ಕೇಳಿದರೆ ನೀವು ತಟ್ಟನೆ 1526 ಎನ್ನುತ್ತೀರಿ. ಮಂಗಳೂರಿನ ಕೆ.ಎಸ್. ರಾವ್ ರಸ್ತೆಯ ಆ ರಾವ್ ಯಾರು ಎಂದರೆ ಮುಖ ಮುಖ ನೋಡಿಕೊಳ್ಳುತ್ತೀರಿ. ದಿನವೂ ಅದೇ ರಸ್ತೆಯಲ್ಲಿ ಬಸ್ಸಿಗೆ ಓಡುವವರು ನೀವು! ಆದ್ದರಿಂದ ಇಂದು ನಿಮ್ಮನ್ನು ಒಂದು ನಡಿಗೆಗೆ ಕರೆಯುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಹೊರಡಿ. ಅವಸರ ಬೇಡ.

ಹಳೆ ಬಂದರಿನಿಂದ ಆರಂಭಿಸೋಣ. 1975ರಲ್ಲಿ ಪಣಂಬೂರಿನ ಹೊಸ ಬಂದರು ಉದ್ಘಾಟನೆಯಾಗುವವರೆಗೆ ನಮ್ಮೂರಿನ ಕಡಲ ವ್ಯಾಪಾರದ ಹೆಬ್ಬಾಗಿಲು ಇದೇ ಆಗಿತ್ತು. 12ನೇ ಶತಮಾನದಲ್ಲಿ ಟ್ಯುನೀಶಿಯಾ ಮೂಲದ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿ ವ್ಯಾಪಾರ ಮಾಡಿದ. ಅವನ ಪತ್ರಗಳು ಕೈರೋದ ಯಹೂದಿ ಪ್ರಾರ್ಥನಾ ಮಂದಿರವೊಂದರಲ್ಲಿ ದೊರೆತವು. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ, ಪರ್ಶಿಯಾ ಮತ್ತು ಯೆಮನ್‌ನ ವರ್ತಕರನ್ನು ಕಂಡ. ವರ್ತಕರಿಗೂ ಊರವರಿಗೂ ಜಗಳವಾದಾಗ ಅರಸನೇ ನಡುವೆ ನಿಂತು ರಾಜಿ ಮಾಡಿಸುತ್ತಿದ್ದ, ಏಕೆಂದರೆ ಅವನಿಗೆ ವ್ಯಾಪಾರ ಬೇಕಿತ್ತು ಎಂದೂ ಬರೆದಿದ್ದಾನೆ. ಈ ಮಾತು ಇಂದಿಗೂ ಯೋಚಿಸತಕ್ಕದ್ದು.

ಬಂದರಿನ ಝೀನತ್ ಬಕ್ಷ್ ಮಸೀದಿಯ ಒಳಗೆ ಮರದ ಕೆತ್ತನೆಯ ಕಂಬಗಳನ್ನು ನೋಡಿ. ಅಲ್ಲಿಂದ ಕಾಲ್ನಡಿಗೆಯ ದೂರದಲ್ಲೇ ಒಂದು ಕಡೆ ರಥಬೀದಿಯ ವೆಂಕಟರಮಣ ದೇವಸ್ಥಾನ, ಇನ್ನೊಂದು ಕಡೆ 1568ರಲ್ಲಿ ಸ್ಥಾಪನೆಯಾದ ರೊಸಾರಿಯೊ ಚರ್ಚ್. ಈ ಊರನ್ನು ಯಾರೊಬ್ಬರೇ ಕಟ್ಟಿದ್ದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಂಪನಕಟ್ಟೆಗೆ ಬಂದರೆ ಕೆ.ಎಸ್. ರಾವ್ ರಸ್ತೆ ಸಿಗುತ್ತದೆ. ಅವರ ಪೂರ್ಣ ಹೆಸರು ಕಾರ್ನಾಡು ಸದಾಶಿವ ರಾವ್. ವಕೀಲರಾಗಿದ್ದ ಅವರು ತಮ್ಮ ಸಂಪತ್ತನ್ನೆಲ್ಲ ಸ್ವಾತಂತ್ರ್ಯ ಹೋರಾಟಕ್ಕೂ ಸಮಾಜಸೇವೆಗೂ ಸುರಿದು, ಬಡವರಾಗಿಯೇ 1937ರಲ್ಲಿ ತೀರಿಕೊಂಡರು. ಮುಂದೆ ಗುಡ್ಡ ಹತ್ತಿದರೆ ಬಲ್ಮಠ, ಬಾಸೆಲ್ ಮಿಶನ್ನಿನ ನೆಲೆ. ಆ ಮಿಶನ್ನಿನ ಹರ್ಮನ್ ಮೊಗ್ಲಿಂಗ್ 1843ರಲ್ಲಿ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರತಂದರು. ಕನ್ನಡದ ಮೊದಲ ಪತ್ರಿಕೆ ಅದು. ನಿಮ್ಮ ಕೈಯಲ್ಲಿರುವ ಈ ಸಂಚಿಕೆಯೂ ಅದೇ ವಂಶದ ಕೂಸು.

ಕೊನೆಗೆ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ನನ್ನ ಅಜ್ಜ ಬಂದರಿನ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಯಾವ ಮಂಜಿಯಲ್ಲಿ ಯಾವ ಸರಕು ಬಂತು, ಯಾರು ಯಾರಿಗೆ ಬರೀ ಮಾತಿನ ಮೇಲೆ ಸಾಲ ಕೊಟ್ಟರು ಎಂದು ಸಂಜೆ ಹೊತ್ತು ಹೇಳುತ್ತಿದ್ದರು. ಪರೀಕ್ಷೆಗೆ ಬರುವ ವಿಷಯವಲ್ಲವೆಂದು ನಾನು ಬರೆದುಕೊಳ್ಳಲಿಲ್ಲ. ಈಗ ಅಜ್ಜನೂ ಇಲ್ಲ, ಆ ಹಂಚಿನ ಮಾಡಿನ ಮಂಡಿಯೂ ಇಲ್ಲ.

ನೀವು ಹಾಗೆ ಮಾಡಬೇಡಿ. ನಿಮ್ಮ ಬೀದಿಯ ಹಿರಿಯರೊಬ್ಬರ ಜೊತೆ ನಡೆಯಿರಿ, ಅವರು ಯಾವ ಧರ್ಮದವರಾದರೂ ಸರಿ. ಕೇಳಿದ್ದನ್ನು ಒಂದು ಪುಟ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಅಂಥ ಹತ್ತು ಪುಟಗಳಿದ್ದರೆ, “ಇವರು ಎಲ್ಲಿಂದಲೋ ಬಂದವರು” ಎಂದು ಯಾರಾದರೂ ಯಾರನ್ನಾದರೂ ಹಳಿಯುವಾಗ ಉತ್ತರಿಸಲು ನಮ್ಮ ಬೀದಿಗಳೇ ಸಾಕು.